ಹಳೆಯ ಡೀಸೆಲ್ ಐಷಾರಾಮಿ ಸೆಡಾನ್: ಕೊಳ್ಳಬಹುದೇ, ಬೇಡವೇ?

ಪರ: ಕೈಗೆ ಸಿಗುವ ಎಂಜಿನ್

ಹಳೆಯ ಡೀಸೆಲ್ ಕಾರು ಅಂದ ಕೂಡಲೇ ಮೂಗು ಮುಚ್ಚಿಕೊಳ್ಳುವವರಿದ್ದಾರೆ. ಹೊಗೆ ಬರುವುದು ಕಾರಿನ ವಯಸ್ಸಿನಿಂದಲ್ಲ, ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಬಿಚ್ಚಿ ನೋಡದ ಮಾಲೀಕರಿಂದ. ಅದು ಅಲ್ಲಿಗಿರಲಿ.

ಮರ್ಸಿಡಿಸ್‌ನ ಹಳೆಯ ಮಾದರಿ ಡಬ್ಲ್ಯು123ರಲ್ಲಿ ಬಂದ ಐದು ಸಿಲಿಂಡರಿನ ಒಎಂ617 ಎಂಜಿನ್ ನೋಡಿ. ಡೀಸೆಲ್ ಕೊಡುವುದು ಪೂರ್ತಿ ಯಾಂತ್ರಿಕ ಪಂಪ್. ಸಿಲಿಂಡರ್ ಬಿಸಿ ಮಾಡುವ ಗ್ಲೋ ಪ್ಲಗ್ ಕಾದು, ಸ್ಟಾರ್ಟರ್ ಒಮ್ಮೆ ತಿರುಗಿಸಿತೆಂದರೆ ಎಂಜಿನ್ ಓಡಲು ಕರೆಂಟೇ ಬೇಡ. ನಿಲ್ಲಿಸುವುದೂ ಕರೆಂಟಲ್ಲ, ಪೈಪ್‌ಗಳೊಳಗಿನ ಗಾಳಿಯ ಎಳೆತ, ಅಂದರೆ ವ್ಯಾಕ್ಯೂಮ್. ಕೀ ತೆಗೆದ ಮೇಲೂ ಗುಡುಗುಡು ಅನ್ನುತ್ತಲೇ ಇದ್ದರೆ ಬಾನೆಟ್ ಎತ್ತಿ ‘ಸ್ಟಾಪ್’ ಎಂದು ಬರೆದ ಲಿವರ್ ಒತ್ತಿ. ಆಮೇಲೆ ಬಾಗಿಲುಗಳ ಲಾಕ್ ಪರೀಕ್ಷಿಸಿ. ಅವೂ ಅದೇ ವ್ಯಾಕ್ಯೂಮ್‌ನಿಂದ ನಡೆಯುವುದರಿಂದ, ಬಾಗಿಲೊಳಗೆ ಹರಿದ ಒಂದು ಡಯಾಫ್ರಾಮ್ (ರಬ್ಬರ್ ಪೊರೆ) ಸಾಕು, ಎಂಜಿನ್ ನಿಲ್ಲುವುದಿಲ್ಲ. ವ್ಯಾಕ್ಯೂಮ್ ಕೈಪಂಪ್ ಹಾಕಿ ಒಂದೊಂದೇ ಪೈಪ್ ನೋಡುತ್ತ ಹೋದರೆ ಸಿಗುವ ದೋಷ ಇದು, ಸ್ಕ್ಯಾನರ್ ಬೇಕಿಲ್ಲ.

ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸಿತೆಂದು ಎಂಜಿನ್ ಇಳಿಸಲು ಹೊರಡುವವರು ಮೊದಲು ವಾಲ್ವ್ ಅಂತರ, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು, ಅಳೆಯಲಿ. ವಾಲ್ವ್ ಕೂರುವ ಸೀಟ್ ಸವೆದಂತೆ ಅಂತರ ಕಡಿಮೆಯಾಗುತ್ತದೆ, ವಾಲ್ವ್ ಪೂರ್ತಿ ಕೂರುವುದಿಲ್ಲ, ಕಂಪ್ರೆಶನ್ ಸೋರುತ್ತದೆ. ಎಂಜಿನ್ ತಣ್ಣಗಿರುವಾಗ ಇನ್‌ಟೇಕ್ 0.10 ಮಿ.ಮೀ., ಎಕ್ಸಾಸ್ಟ್ 0.30; ಟರ್ಬೊ ಇದ್ದರೆ ಎಕ್ಸಾಸ್ಟ್ 0.35. ಬೇಕಾದದ್ದು ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್, ಬಾಗಿದ 14ರ ಸ್ಪ್ಯಾನರ್‌ಗಳು, ಒಂದು ಹೊಸ ಗ್ಯಾಸ್ಕೆಟ್. ಸುಮಾರು 24,000 ಕಿ.ಮೀ.ಗೊಮ್ಮೆ ಮಾಡಿದರಾಯಿತು. ಜೊತೆಗೇ ಗ್ಲೋ ಪ್ಲಗ್‌ಗಳಿಗೂ ಮೀಟರ್ ಹಿಡಿಯಿರಿ. 1 ಓಮ್‌ನ ಒಳಗೆ ಇರಬೇಕು. ಸರ್ಕ್ಯೂಟೇ ತೋರಿಸದಿದ್ದರೆ ಆ ಪ್ಲಗ್ ಸುಟ್ಟಿದೆ.

ಇಷ್ಟು ಹಳೆಯದು ಬೇಡವೆಂದರೆ ಬಿಎಂಡಬ್ಲ್ಯುವಿನ ಮೂರು ಲೀಟರ್, ಆರು ಸಿಲಿಂಡರಿನ ಎಂ57 ಇದೆ. ಅದರ ಕೆಟ್ಟ ಗುಣ ಇನ್‌ಟೇಕ್‌ನ ಸ್ವರ್ಲ್ ಫ್ಲ್ಯಾಪ್, ಒಳಬರುವ ಗಾಳಿಯನ್ನು ಸುಳಿಸುವ ಪುಟ್ಟ ಬಾಗಿಲು. ತುಂಡಾದರೆ ಸೀದಾ ಸಿಲಿಂಡರಿಗೆ. ತೆಗೆದುಹಾಕಿ, ರಂಧ್ರಗಳಿಗೆ ಬ್ಲ್ಯಾಂಕ್ ಕೂರಿಸಿ. ಎಂಜಿನ್ ಒಳಗಿನ ಆವಿ ಹೊರಹೋಗುವ ಕ್ರ್ಯಾಂಕ್‌ಕೇಸ್ ಬ್ರೀದರ್ ಫಿಲ್ಟರನ್ನೂ ಬದಲಿಸಿ. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಟರ್ಬೊ ಸೀಲಿನಿಂದ ಆಯಿಲ್ ಹೊರಬೀಳುತ್ತದೆ, ಬೈಗುಳ ಮಾತ್ರ ಟರ್ಬೊಗೆ.

ವಿರೋಧ: ಕೊಳ್ಳುವ ಬೆಲೆ ಬೇರೆ, ಸಾಕುವ ಬೆಲೆ ಬೇರೆ

ಬೇಡ ಎನ್ನುವ ಪಾಳಿ ನನ್ನದು, ಹೇಳಿಬಿಡುತ್ತೇನೆ. ಫೀಲರ್ ಗೇಜ್ ಹಿಡಿದು ಭಾನುವಾರ ಕಳೆಯುವವರಿಗೆ ಡಬ್ಲ್ಯು123 ಇರಲಿ. ಅಗ್ಗಕ್ಕೆ ಸಿಕ್ಕಿತೆಂದು ಜನ ಕೊಳ್ಳುವುದು ಮರ್ಸಿಡಿಸ್‌ನ ಒಎಂ642 ವಿ6 ಡೀಸೆಲ್‌ನಂಥ 2005ರ ಈಚಿನ ಎಂಜಿನ್‌ಗಳ ಕಾರನ್ನು.

ಅದರ ಆಯಿಲ್ ಕೂಲರ್ ಇರುವುದು ಎರಡು ಸಿಲಿಂಡರ್ ಸಾಲುಗಳ ನಡುವಿನ ತಗ್ಗಿನಲ್ಲಿ. ಕೆಳಗಿನ ಸೀಲ್‌ಗಳು ಗಟ್ಟಿಯಾದರೆ ಆಯಿಲ್ ತಗ್ಗಿನಲ್ಲಿ ತುಂಬಿ, ಹಿಂದಕ್ಕೆ ಹರಿದು, ಗೇರ್‌ಬಾಕ್ಸ್ ಸೇರುವಲ್ಲಿ ತೊಟ್ಟಿಕ್ಕುತ್ತದೆ. ಕ್ರ್ಯಾಂಕ್‌ನ ಹಿಂದಿನ ಸೀಲ್ ಹೋಗಿದೆಯೆಂದು ಗೇರ್‌ಬಾಕ್ಸ್ ಇಳಿಸಿಬಿಡುವವರೂ ಇದ್ದಾರೆ. ಸೀಲ್‌ಗೆ ಹೆಚ್ಚು ದುಡ್ಡಿಲ್ಲ. ಆದರೆ ಟರ್ಬೊ, ಇನ್‌ಟೇಕ್ ಮ್ಯಾನಿಫೋಲ್ಡ್ ಹೊರಬರದೆ ಅಲ್ಲಿಗೆ ಕೈ ಹೋಗದು. ಕೂಲಿಯೇ ಖರ್ಚು. ಮತ್ತೆ ಹಾಕುವಾಗ ಕಿತ್ತಳೆ ಬಣ್ಣದ ಹಳೆಯ ಸೀಲ್ ಬೇಡ, ನೇರಳೆ ಬಣ್ಣದ, ಶಾಖ ತಡೆಯುವ ವಿಟಾನ್ ರಬ್ಬರಿನ ಸೀಲ್ ಕೇಳಿ.

ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್, ಡಿಪಿಎಫ್, ಇನ್ನೊಂದು. ಮಸಿ ಸುಡಲು ಸುಮಾರು 600 ಡಿಗ್ರಿ ಶಾಖ ಬೇಕು. ಗಿಡ್ಡ ಓಡಾಟದಲ್ಲಿ ಅದು ಬರುವುದಿಲ್ಲ. ಥರ್ಮೋಸ್ಟಾಟ್ ತೆರೆದೇ ನಿಂತು ಕೂಲಂಟ್ ತಣ್ಣಗಿದ್ದರೆ ಎಷ್ಟು ದೂರ ಓಡಿಸಿದರೂ ಕೆಲವು ಕಾರುಗಳು ಸುಡುವ ಕೆಲಸ ಶುರುವನ್ನೇ ಮಾಡುವುದಿಲ್ಲ. ಬೂದಿಯಂತೂ ಸುಡುವುದೇ ಇಲ್ಲ. ಏರ್ ಸಸ್ಪೆನ್ಶನ್ ಇದ್ದರೆ, ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಒಂದು ಮೂಲೆಗೆ ಕುಸಿದಿದೆಯೇ ನೋಡಿ. ಸೋರುವ ಬ್ಯಾಗ್ ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಡುತ್ತದೆ. ಬ್ಯಾಗ್ ಮತ್ತು ಕಂಪ್ರೆಸರಿಗೆ ಕರೆಂಟ್ ಕೊಡುವ ರಿಲೇ ಬಿಟ್ಟು ಕಂಪ್ರೆಸರ್ ಮಾತ್ರ ಬದಲಿಸಿದರೆ ಹೊಸದೂ ಅದೇ ದಾರಿ.

ದಿನವೂ ಹೆದ್ದಾರಿಯಲ್ಲಿ ಓಡಿಸುವವರಿಗೆ ಇದರಲ್ಲಿ ಅರ್ಧ ತೊಂದರೆ ಬರುವುದೇ ಇಲ್ಲ, ಒಪ್ಪುತ್ತೇನೆ. ಅವರಾದರೂ ದುಡ್ಡು ಕೊಡುವ ಮುನ್ನ ಇಂಜೆಕ್ಟರ್‌ಗಳಿಂದ ಮಿಕ್ಕ ಡೀಸೆಲ್ ವಾಪಸ್ ಹೋಗುವ ರಿಟರ್ನ್ ಪೈಪ್ ಕಳಚಿ, ಒಂದೊಂದಕ್ಕೂ ಬಾಟಲಿ ಕಟ್ಟಿ, ಕೆಲವು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಲಿ. ಮಿಕ್ಕವುಗಳಿಗಿಂತ ಬೇಗ ತುಂಬುವ ಬಾಟಲಿಯ ಇಂಜೆಕ್ಟರ್ ಸವೆದಿದೆ. ಅದರ ಬೆಲೆಯನ್ನು ಕಾರಿನ ಬೆಲೆಯಿಂದ ಕಳೆದು ಮಾತಾಡಲಿ.