ಎಲ್ಲಾ ಚಂದ್ರಶೇಖರರೂ ಒಬ್ಬರೇ ಅಲ್ಲ ಸ್ವಾಮಿ

ನಮ್ಮ ಮನೆಯವರ ವಾಟ್ಸಾಪ್ ಗುಂಪಲ್ಲಿ ಮತ್ತೆ ಅದೇ ಫಾರ್ವರ್ಡ್. "ಕನ್ನಡಿಗರೇ ಹೆಮ್ಮೆ ಪಡಿ! ಮೈಸೂರಿನಲ್ಲಿ ಪಾಠ ಮಾಡಿ, ಬೆಂಗಳೂರಿನಲ್ಲಿ ಲಿಕ್ವಿಡ್ ಕ್ರಿಸ್ಟಲ್ ಕಂಡುಹಿಡಿದು, 1983ರಲ್ಲಿ ನೊಬೆಲ್ ಪಡೆದ ಮಹಾನ್ ವಿಜ್ಞಾನಿ ಎಸ್. ಚಂದ್ರಶೇಖರ್. ನಿಮ್ಮ ಮನೆಯ ಟಿವಿ ಇವರ ಕೊಡುಗೆ. ಹತ್ತು ಜನಕ್ಕೆ ಕಳಿಸಿ." ಕೆಳಗೆ ಸಾಲಾಗಿ ಕೈ ಮುಗಿಯುವ ಚಿತ್ರಗಳು, ಜೊತೆಗೊಂದು ಬಾವುಟ. ಫೋಟೋ ಶಿಕಾಗೋದಲ್ಲಿದ್ದ ನೊಬೆಲ್ ಚಂದ್ರಶೇಖರರದು, ಕೆಲಸ ಬೆಂಗಳೂರಿನ ಇನ್ನೊಬ್ಬ ಚಂದ್ರಶೇಖರರದು, ಟಿವಿ ಇಬ್ಬರದೂ ಅಲ್ಲ.

ಅವರು ಇಬ್ಬರು, ಸ್ವಾಮಿ. ಇಬ್ಬರು! ಬೇರೆ ಬೇರೆ ತಂದೆ ತಾಯಿಗೆ ಹುಟ್ಟಿದ, ಬೇರೆ ಬೇರೆ ದೇಶದಲ್ಲಿ ಕೆಲಸ ಮಾಡಿದ ಇಬ್ಬರು ಮನುಷ್ಯರು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಸಿಟ್ಟಾ ಅಂತ ಕೇಳಬೇಡಿ. ನನ್ನ ಹೆಸರೂ ಚಂದ್ರಶೇಖರ್. ಅಪ್ಪ ಶಿವಣ್ಣ, ಹಾಗಾಗಿ ನಾನೂ ಎಸ್. ಚಂದ್ರಶೇಖರನೇ. ಈ ಹೆಸರು ಹೊತ್ತುಕೊಂಡು ಹುಟ್ಟಿದಾಗಿಂದ ಬೇರೆಯವರ ಲೆಕ್ಕಕ್ಕೆ ಸೇರಿಕೊಂಡೇ ಬಂದಿದ್ದೇನೆ. ಸ್ಕೂಲಲ್ಲಿದ್ದಾಗ, 1990ರ ನವೆಂಬರಲ್ಲಿ ಚಂದ್ರಶೇಖರ್ ಪ್ರಧಾನಿಯಾದರು. ಕ್ಲಾಸಲ್ಲಿ ನನಗೆ "ಪ್ರಧಾನಿ" ಅಂತ ಹೆಸರು ಬಿತ್ತು. ಒಳ್ಳೇದೇ ಆಯ್ತಲ್ಲ ಅಂದುಕೊಂಡೆ. ಮುಂದಿನ ವರ್ಷ ದೇಶದ ಚಿನ್ನ ವಿದೇಶಕ್ಕೆ ಹೋಯ್ತು ನೋಡಿ, ಆಮೇಲೆ ಶುರುವಾಯ್ತು. "ಲೋ ಶೇಖರ, ಅಮ್ಮನ ಸರ ಭದ್ರವಾಗಿದೆಯೇನೋ, ಅಡ ಇಟ್ಟುಬಿಟ್ಟೀಯಾ?" ಆ ಸರ್ಕಾರ ಏಳು ತಿಂಗಳಲ್ಲಿ ಮುಗಿಯಿತು. ನನ್ನ ಗೋಳು ಎಸ್ಸೆಸ್ಸೆಲ್ಸಿವರೆಗೆ ನಡೆಯಿತು.

ಆಡುವಾಗಲೂ ಬಿಡಲಿಲ್ಲ. ನಮ್ಮದು ಮೈಸೂರು. ಆ ಊರಲ್ಲಿ ಚಂದ್ರಶೇಖರ್ ಅಂದಮೇಲೆ ಬೌಲಿಂಗ್ ಮಾಡಲೇಬೇಕು. ಬಿ.ಎಸ್. ಚಂದ್ರಶೇಖರ್ ಹುಟ್ಟಿದ್ದು ಅಲ್ಲೇ, 1945ರಲ್ಲಿ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಬಲಗೈ ಸೊರಗಿತ್ತು. ಅದೇ ಕೈಯಲ್ಲಿ ಗೂಗ್ಲಿ ಹಾಕಿ 1971ರಲ್ಲಿ ಓವಲ್‌ನಲ್ಲಿ ಇಂಗ್ಲೆಂಡನ್ನು 101ಕ್ಕೆ ಉರುಳಿಸಿದರು, 38 ರನ್ನಿಗೆ 6 ವಿಕೆಟ್. ಇಂಗ್ಲೆಂಡ್ ನೆಲದಲ್ಲಿ ಭಾರತ ಮೊದಲ ಸಲ ಟೆಸ್ಟ್ ಸರಣಿ ಗೆದ್ದಿದ್ದು ಹಾಗೆ. 58 ಟೆಸ್ಟ್, 242 ವಿಕೆಟ್, ಬ್ಯಾಟಿಂಗಲ್ಲಿ ಒಟ್ಟು 167 ರನ್. ಅಂದ್ರೆ ಹೊಡೆದ ರನ್ನಿಗಿಂತ ತೆಗೆದ ವಿಕೆಟ್ಟೇ ಜಾಸ್ತಿ! ನನಗೆ ಅವರಿಂದ ಬಂದಿದ್ದು ಆ ಬ್ಯಾಟಿಂಗ್ ಮಾತ್ರ. ಆದರೂ ಗಲ್ಲಿ ಕ್ರಿಕೆಟ್ಟಲ್ಲಿ ಪ್ರತಿ ಸಲ ಬಾಲು ನನ್ನ ಕೈಗೇ ತುರುಕೋರು, ನಾನು ಹಾಕಿದ್ದನ್ನು ಪಕ್ಕದ ಮನೆ ಹೆಂಚಿನ ಮೇಲಿಂದ ಹೆಕ್ಕಿಕೊಂಡು ಬರುವಾಗ "ಹೆಸರಿಗೆ ಮಾತ್ರ ಚಂದ್ರಶೇಖರ್" ಅಂತ ಬೈಯೋರು. ನಾನೇನು ಕೇಳಿ ಇಟ್ಟುಕೊಂಡ ಹೆಸರಾ ಇದು?

ಇದೆಲ್ಲ ಹುಡುಗಾಟ, ಬಿಡಿ. ನನಗೆ ಉರಿಯೋದು ದೊಡ್ಡವರ ಸೋಮಾರಿತನಕ್ಕೆ. ಹೆಸರು ಕಿವಿಗೆ ಬಿದ್ದ ತಕ್ಷಣ ಎಲ್ಲರಿಗಿಂತ ಫೇಮಸ್ ಯಾರೋ ಅವರ ತಲೆಗೆ ಎಲ್ಲಾ ಕಟ್ಟಿ ಕೈ ತೊಳೆದುಕೊಳ್ಳೋದು. ಇದರಲ್ಲಿ ಜಾಸ್ತಿ ಅನ್ಯಾಯ ಆಗಿರೋದು ಯಾರಿಗೆ ಗೊತ್ತಾ? ನಮ್ಮ ನಡುವೆಯೇ ಇದ್ದು ಕೆಲಸ ಮಾಡಿದ ಆ ಲಿಕ್ವಿಡ್ ಕ್ರಿಸ್ಟಲ್ ಚಂದ್ರಶೇಖರ್‌ಗೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕೇಳಿಸಿಕೊಳ್ಳಿ. ನೊಬೆಲ್ ಬಂದವರು ಸುಬ್ರಹ್ಮಣ್ಯನ್ ಚಂದ್ರಶೇಖರ್. 1910ರಲ್ಲಿ ಲಾಹೋರಿನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ಓದಿ, 1930ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲೇ ನಕ್ಷತ್ರಗಳ ಲೆಕ್ಕ ಹಾಕಿ, ಆಮೇಲೆ ಶಿಕಾಗೋದಲ್ಲಿ ನೆಲೆಸಿದವರು. ಅವರ ಕಥೆ ಪಠ್ಯಪುಸ್ತಕದಲ್ಲೇ ಇದೆ, ನಾನು ಹೇಳಬೇಕಾಗಿಲ್ಲ.

ಇನ್ನೊಬ್ಬರು ಶಿವರಾಮಕೃಷ್ಣ ಚಂದ್ರಶೇಖರ್. 1930ರಲ್ಲಿ ಹುಟ್ಟಿದವರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದರು, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ಲಿಕ್ವಿಡ್ ಕ್ರಿಸ್ಟಲ್ ಲ್ಯಾಬ್ ಕಟ್ಟಿದರು. ಲಿಕ್ವಿಡ್ ಕ್ರಿಸ್ಟಲ್ ಅಂದರೆ ದ್ರವದ ಹಾಗೆ ಹರಿದರೂ ಒಳಗಿನ ಅಣುಗಳು ಹರಳಿನಲ್ಲಿರೋ ಹಾಗೆ ಒಂದು ಕ್ರಮದಲ್ಲಿ ನಿಲ್ಲೋ ವಸ್ತು. ಅದನ್ನು ಇವರು ಕಂಡುಹಿಡಿದರು ಅನ್ನೋದೂ ಸುಳ್ಳು. ಅದನ್ನು 1888ರಲ್ಲೇ ರೈನಿಟ್ಸರ್ ಅನ್ನೋ ಆಸ್ಟ್ರಿಯಾದ ಸಸ್ಯವಿಜ್ಞಾನಿ ಗಮನಿಸಿದ್ದರು. ಇವರು ಮಾಡಿದ್ದು ಅದಕ್ಕಿಂತ ಬೇರೆ. ಅಲ್ಲಿಯವರೆಗೆ ಕಡ್ಡಿಯಂಥ ಉದ್ದನೆಯ ಅಣುಗಳು ಮಾತ್ರ ಹೀಗೆ ವರ್ತಿಸುತ್ತವೆ ಅಂತ ಎಲ್ಲರೂ ನಂಬಿದ್ದರು. 1977ರಲ್ಲಿ ಇವರೂ ಇವರ ಜೊತೆಗಾರರೂ ಚಪ್ಪಟೆ ಬಿಲ್ಲೆಯಂಥ ಅಣುಗಳನ್ನು ತಗೊಂಡು, ಅವು ನಾಣ್ಯ ಪೇರಿಸಿಟ್ಟ ಹಾಗೆ ಒಂದರ ಮೇಲೊಂದು ಕೂತು ಕಂಬಗಳಾಗಿ ನಿಲ್ಲುತ್ತವೆ, ಅವೂ ಲಿಕ್ವಿಡ್ ಕ್ರಿಸ್ಟಲ್ಲೇ ಅಂತ ತೋರಿಸಿದರು. ಡಿಸ್ಕಾಟಿಕ್ ಅಂತಾರೆ. ಆ ಲೇಖನ ಬಂದಿದ್ದು ಯಾವುದೋ ವಿದೇಶಿ ಪತ್ರಿಕೆಯಲ್ಲಲ್ಲ, ಬೆಂಗಳೂರಿಂದಲೇ ಹೊರಡುವ 'ಪ್ರಮಾಣ'ದಲ್ಲಿ. ಎಲ್‌ಸಿಡಿ ಪರದೆಯನ್ನು ಓರೆಯಿಂದ ನೋಡಿದಾಗ ಬಣ್ಣ ಕೆಡದ ಹಾಗೆ ಒಂದು ತೆಳು ಪದರ ಹಾಕುತ್ತಾರಲ್ಲ, ಅದಕ್ಕೆ ಮುಂದೆ ಬಳಸಿದ್ದು ಈ ಜಾತಿಯ ಅಣುಗಳನ್ನೇ. ಟಿವಿಗೂ ಇವರಿಗೂ ಇರೋ ನಂಟು ಇಷ್ಟು. ಇಷ್ಟೇ ಹೇಳಿದ್ದರೂ ಹೆಮ್ಮೆ ಪಡಬಹುದಿತ್ತು, ಅಲ್ವಾ? ಅದಕ್ಕೆ ಶಿಕಾಗೋದವರ ಫೋಟೋ ಯಾಕೆ ಅಂಟಿಸಬೇಕು, ಅವರ ನೊಬೆಲ್ ಯಾಕೆ ಕದ್ದು ತರಬೇಕು?

ಗೊಂದಲ ಆಗೋದು ಸಹಜ ಅನ್ನೋದನ್ನೂ ಒಪ್ಪುತ್ತೇನೆ, ನಾನೇನು ಕಲ್ಲಲ್ಲ. ಇಬ್ಬರ ಇನಿಷಿಯಲ್ಲೂ ಎಸ್. ಇಬ್ಬರೂ ಭೌತವಿಜ್ಞಾನಿಗಳು, ಇಬ್ಬರೂ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋಗಳು. ರಾಯಲ್ ಮೆಡಲ್ ಕೂಡ ಇಬ್ಬರಿಗೂ ಬಂದಿದೆ, ಒಬ್ಬರಿಗೆ 1962ರಲ್ಲಿ, ಇನ್ನೊಬ್ಬರಿಗೆ 1994ರಲ್ಲಿ. ಸಾಲದು ಅಂತ ಇಬ್ಬರೂ ಸಿ.ವಿ. ರಾಮನ್ ಸಂಬಂಧಿಕರು! ಶಿಕಾಗೋದವರು ರಾಮನ್ನರ ಅಣ್ಣನ ಮಗ, ಬೆಂಗಳೂರಿನವರು ಸೋದರಿಯ ಮಗ. ಆ ಮನೆಯಲ್ಲಿ ಹಬ್ಬಕ್ಕೆ ಎಲ್ಲರೂ ಸೇರಿದಾಗ "ಚಂದ್ರಶೇಖರಾ, ಊಟಕ್ಕೆ ಬಾರೋ" ಅಂತ ಕರೆದರೆ ಯಾರು ಬರುತ್ತಿದ್ದರೋ ದೇವರೇ ಬಲ್ಲ. ಆದರೆ ಫಾರ್ವರ್ಡ್ ಬರೆದ ಪುಣ್ಯಾತ್ಮನಿಗೆ ಈ ಸಂಬಂಧ ಎಲ್ಲಾ ಗೊತ್ತಿದ್ದು ಗೊಂದಲ ಆಗಿದ್ದಲ್ಲ. ಸುಮ್ನೆ ಹೆಸರು ಹುಡುಕಿದ, ಮೊದಲು ಬಂದ ಫೋಟೋ ತಗೊಂಡ, ಅಂಟಿಸಿದ. ಇದಕ್ಕೆ ಗೊಂದಲ ಅನ್ನೋ ಮರ್ಯಾದೆಯ ಮಾತು ಬೇಡ.

ನನ್ನ ಅಕ್ಕನ ಮಗ ಎಂಎಸ್ಸಿ ಫಿಸಿಕ್ಸ್ ಓದುತ್ತಿದ್ದಾನೆ. ಸೆಮಿನಾರಿಗೆ ಮಾಡಿದ್ದ ಸ್ಲೈಡ್ ತೋರಿಸಿದ. ಒಂದು ಸ್ಲೈಡಿನಲ್ಲಿ 'ಚಂದ್ರಶೇಖರ್ ಮಿತಿ', ಸೂರ್ಯನ ತೂಕದ ಸುಮಾರು 1.4 ಪಟ್ಟು, ಅದಕ್ಕಿಂತ ಭಾರವಾದ ಶ್ವೇತಕುಬ್ಜ, ಅಂದ್ರೆ ಇಂಧನ ಮುಗಿದು ಕುಗ್ಗಿದ ನಕ್ಷತ್ರ, ಕುಸಿಯದೆ ನಿಲ್ಲೋದಿಲ್ಲ. ಸರಿ. ಮುಂದಿನ ಸ್ಲೈಡಿನಲ್ಲಿ 'ಚಂದ್ರಶೇಖರ್-ಕ್ಲಾಗ್‌ಸ್ಟನ್ ಮಿತಿ', ಅಡ್ಡಿಯೇ ಇಲ್ಲದೆ ಕರೆಂಟು ಹರಿಯಬಿಡೋ ಸೂಪರ್‌ಕಂಡಕ್ಟರು ಎಷ್ಟು ಕಾಂತಕ್ಷೇತ್ರ ತಡೆದೀತು ಅನ್ನೋ ಲೆಕ್ಕ. ಎರಡಕ್ಕೂ ಅದೇ ನೊಬೆಲ್ ಫೋಟೋ! "ಲೋ, ಈ ಎರಡನೆಯವರು ಬೇರೆ ಕಣೋ. ಬಿ.ಎಸ್. ಚಂದ್ರಶೇಖರ್, ಕ್ಲೀವ್‌ಲೆಂಡಿನಲ್ಲಿ ಪ್ರೊಫೆಸರ್ ಆಗಿದ್ದವರು. 1962ರಲ್ಲಿ ಇದನ್ನು ಬರೆದಿದ್ದು ಅವರು" ಅಂದೆ. ಅವನು ನನ್ನ ಮುಖ ನೋಡಿ, "ಮಾವ, ಬಿ.ಎಸ್. ಚಂದ್ರಶೇಖರ್ ಕ್ರಿಕೆಟರ್ ಅಲ್ವಾ? ನೀವೇ ಮಿಕ್ಸ್ ಮಾಡ್ಕೊಂಡಿದ್ದೀರ" ಅಂದ. ಹೌದಪ್ಪ, ಅವರೂ ಬಿ.ಎಸ್., ಇವರೂ ಬಿ.ಎಸ್. ಅವರು ಸ್ಟಂಪು ಬೀಳಿಸಿದರು, ಇವರು ಮಿತಿ ಹಾಕಿದರು. ಸ್ಲೈಡ್ ತಿದ್ದಲಿಲ್ಲ ಅವನು. ಸೆಮಿನಾರಲ್ಲಿ ಒಬ್ಬರೂ ಪ್ರಶ್ನೆ ಕೇಳಲಿಲ್ಲವಂತೆ. ಚೆನ್ನಾಗಿತ್ತು ಅಂತ ಚಪ್ಪಾಳೆ ಬೇರೆ ತಟ್ಟಿದರಂತೆ.

ಮಗಳದ್ದು ಇನ್ನೊಂದು. ಸ್ಕೂಲಲ್ಲಿ 'ನಮ್ಮ ನಾಡಿನ ಸಾಹಿತಿಗಳು' ಅಂತ ಚಾರ್ಟ್ ಮಾಡಿಸಿದ್ದರು. ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತಲ್ಲ, ಚೌಕ ಚೌಕ ಫೋಟೋಗಳಿರೋ ಹಾಳೆ, ಅದನ್ನು ತಂದು ಕತ್ತರಿಸಿ ಅಂಟಿಸಿದ್ದಳು. ಒಂದು ಫೋಟೋದ ಕೆಳಗೆ ಸ್ಕೆಚ್ ಪೆನ್ನಲ್ಲಿ ಬರೆದಿದ್ದಳು: "ಚಂದ್ರಶೇಖರ. ಜ್ಞಾನಪೀಠ ಪಡೆದಿದ್ದಾರೆ. 'ಸಂಕ್ರಮಣ' ಪತ್ರಿಕೆ ನಡೆಸಿದರು." ಪಕ್ಕದಲ್ಲಿ ಮಿಸ್ ಹಾಕಿದ ದೊಡ್ಡ ಕೆಂಪು ರೈಟ್ ಮಾರ್ಕು, ಕೆಳಗೆ 'ಗುಡ್'. 2010ನೇ ಸಾಲಿನ ಜ್ಞಾನಪೀಠ ಬಂದಿದ್ದು ಚಂದ್ರಶೇಖರ ಕಂಬಾರರಿಗೆ. ಸಂಕ್ರಮಣ ನಡೆಸಿದ್ದು ಚಂದ್ರಶೇಖರ ಪಾಟೀಲರು, ನಮ್ಮ ಚಂಪಾ. ಕಂಬಾರರು ಬೆಳಗಾವಿ ಜಿಲ್ಲೆಯ ಘೋಡಗೇರಿಯವರು, ಹಂಪಿ ಕನ್ನಡ ವಿಶ್ವವಿದ್ಯಾಲಯ ಕಟ್ಟಿದವರು. ಚಂಪಾ ಹಾವೇರಿ ಕಡೆಯ ಹತ್ತಿಮತ್ತೂರಿನವರು, ಧಾರವಾಡದಲ್ಲಿ ಇಂಗ್ಲಿಷ್ ಪಾಠ ಮಾಡಿ ಕನ್ನಡಕ್ಕಾಗಿ ಬೀದಿಗಿಳಿದವರು. ಇಬ್ಬರೂ ಕವಿಗಳು, ಇಬ್ಬರೂ ನಾಟಕ ಬರೆದವರು ನಿಜ. ಆದರೆ ಇವರ ಒಂದು ಸಾಲನ್ನೂ ಅವರದ್ದು ಅನ್ನೋಕಾಗಲ್ಲ, ಅಷ್ಟು ಬೇರೆ ದನಿ. ಚಂಪಾ ಇದ್ದಿದ್ದರೆ ಆ ಚಾರ್ಟ್ ನೋಡಿ ಎರಡು ಸಾಲಿನಲ್ಲಿ ಎಲ್ಲರ ಮಾನ ಕಳೆದಿರೋರು. ಮಗಳಿಗೆ ಹೇಳಿದೆ. "ಅಪ್ಪಾ, ಮಿಸ್ಸೇ ರೈಟ್ ಹಾಕಿದ್ದಾರೆ, ನಿನಗೇನಾಗಬೇಕು" ಅಂದಳು.

ಅದರ ಮೇಲೆ ಸಾಹಿತ್ಯ ಸಮ್ಮೇಳನದವರೂ ನನ್ನ ಹಣೆಬರಹಕ್ಕೆ ಸರಿಯಾಗಿ ಮಾಡಿದರು. 83ನೆಯದು, 2017ರಲ್ಲಿ ಮೈಸೂರಲ್ಲಿ, ಅಧ್ಯಕ್ಷರು ಚಂದ್ರಶೇಖರ ಪಾಟೀಲ. 84ನೆಯದು, 2019ರಲ್ಲಿ ಧಾರವಾಡದಲ್ಲಿ, ಅಧ್ಯಕ್ಷರು ಚಂದ್ರಶೇಖರ ಕಂಬಾರ. ಬೆನ್ನು ಬೆನ್ನಿಗೆ! ನಮ್ಮ ಚಿಕ್ಕಪ್ಪ ಇವತ್ತಿಗೂ "ಒಬ್ಬರಿಗೇ ಎರಡು ಸಲ ಕೊಟ್ಟುಬಿಟ್ಟರಲ್ಲೋ" ಅಂತ ಬೇಜಾರು ಮಾಡಿಕೊಳ್ಳುತ್ತಾರೆ.

ಉತ್ತರ ಕರ್ನಾಟಕದವರಿಗೆ ಕೊನೆಗೆ ಅಡ್ಡಹೆಸರಾದರೂ ಇದೆ. ಕಂಬಾರ ಅಂದರೆ ಮುಗಿಯಿತು, ಪಾಟೀಲ ಅಂದರೆ ಮುಗಿಯಿತು. ಚಂಪಾ ಅಂತೂ ಹೆಸರನ್ನೇ ಎರಡಕ್ಷರ ಮಾಡಿಕೊಂಡು ಪಾರಾದರು, ಜಾಣರು. ನಮ್ಮ ಹಳೇ ಮೈಸೂರಿನವರ ಕಥೆ ಕೇಳಿ. ನಮಗಿರೋದು ಊರಿನದೋ ಅಪ್ಪನದೋ ಒಂದು ಇನಿಷಿಯಲ್, ಅದೇ ನಮ್ಮ ಗುರುತು, ಅದನ್ನೂ ಎಲ್ಲರೂ ನುಂಗಿ ನೀರು ಕುಡಿಯುತ್ತಾರೆ. ಫಾರಂನಲ್ಲಿ 'ಸರ್‌ನೇಮ್' ಕಡ್ಡಾಯ. ಎಸ್ ಅಂತ ಒಂದೇ ಅಕ್ಷರ ಹಾಕಿದರೆ ಒಪ್ಪಲ್ಲ. ಹಾಗಾಗಿ ಆಧಾರಲ್ಲಿ ನಾನು ಚಂದ್ರಶೇಖರ್ ಎಸ್, ಪ್ಯಾನಲ್ಲಿ ಶಿವಣ್ಣ ಚಂದ್ರಶೇಖರ್, ಬ್ಯಾಂಕ್ ಪಾಸ್‌ಬುಕ್ಕಲ್ಲಿ ಬರೀ ಚಂದ್ರಶೇಖರ್. ಕೆವೈಸಿ ಮಾಡಿಸೋಕೆ ಹೋದರೆ ಕೌಂಟರಿನ ಹುಡುಗ, "ಸರ್, ಇವರೆಲ್ಲ ಒಬ್ಬರೇನಾ?" ಅಂತಾನೆ. ನೋಡಿ ಹೇಗಿದೆ! ಲೋಕದಲ್ಲಿ ಇರೋ ಬೇರೆ ಬೇರೆ ಚಂದ್ರಶೇಖರರೆಲ್ಲ ಇವರಿಗೆ ಒಬ್ಬರೇ, ಒಬ್ಬನೇ ಇರೋ ನಾನು ಮಾತ್ರ ಮೂರು ಜನ.

ಗುಂಪಲ್ಲಿ ಆ ಫಾರ್ವರ್ಡಿಗೆ ಉತ್ತರ ಬರೆದೆ. ಉದ್ದಕ್ಕೇ ಬರೆದೆ, ಇಸವಿ ಸಮೇತ. ಚಿಕ್ಕಪ್ಪ, "ಏನೋ ಒಂದು ಬಿಡೋ ಶೇಖರ, ಒಟ್ನಲ್ಲಿ ನಮ್ಮೋರು ತಾನೆ" ಅಂದರು. ಅತ್ತೆ ಕೈ ಮುಗಿಯುವ ಚಿತ್ರ ಹಾಕಿದರು, ನನಗೋ ಫಾರ್ವರ್ಡಿಗೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಇನ್ಯಾರೋ ಅದೇ ಫಾರ್ವರ್ಡನ್ನು ಮತ್ತೆ ಹಾಕಿದರು.

"ಏನೋ ಒಂದು ಬಿಡು" ಅನ್ನೋರಿಗೆ ಇದೊಂದು ಹೇಳಿಬಿಡುತ್ತೇನೆ. ಹೋದ ವಾರ ಒಂದು ಲ್ಯಾಬಲ್ಲಿ ರಕ್ತ ಕೊಟ್ಟು ಬಂದಿದ್ದೆ. ಮೊಬೈಲಿಗೆ ರಿಪೋರ್ಟ್ ಬಂತು. ಖಾಲಿ ಹೊಟ್ಟೆ ಶುಗರ್ 268. ಎದೆ ಧಸಕ್ ಅಂತು. ಹೆಂಡತಿ ಆಗಲೇ ಸಕ್ಕರೆ ಡಬ್ಬ ಮೇಲಿನ ಶೆಲ್ಫಿಗೆ ಏರಿಸಿದ್ದಳು. ಆಮೇಲೆ ಕಣ್ಣಿಟ್ಟು ನೋಡಿದರೆ ವಯಸ್ಸು 61 ಅಂತಿದೆ. ನನಗಿನ್ನೂ ಐವತ್ತೂ ಆಗಿಲ್ಲ. ಫೋನ್ ಮಾಡಿದೆ. "ಚಂದ್ರಶೇಖರ್ ಅಂತ ಇದೆಯಲ್ಲ ಸರ್, ನಿಮ್ಮದೇ" ಅಂದಳು ಆ ಹುಡುಗಿ. ವಯಸ್ಸು ನೋಡಮ್ಮಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಓ, ಅವತ್ತು ಇಬ್ಬರು ಚಂದ್ರಶೇಖರ್ ಬಂದಿದ್ರು ಸರ್" ಅಂದಳು. ಸರಿ, ನನ್ನ ರಿಪೋರ್ಟ್ ಎಲ್ಲಿ? "ಅದು ಅವರಿಗೆ ಹೋಗಿದೆ ಸರ್. ನಿಮ್ಮದು ನಾರ್ಮಲ್ಲೇ ಇದೆ, ಟೆನ್ಷನ್ ಬೇಡ."

ನನಗೆ ಟೆನ್ಷನ್ ಇಲ್ಲಮ್ಮಾ. ಅಲ್ಲೆಲ್ಲೋ ನನ್ನ ರಿಪೋರ್ಟ್ ನೋಡಿ ಖುಷಿಯಾಗಿ ಜಿಲೇಬಿ ತಿನ್ನುತ್ತಾ ಕೂತಿರೋ ಆ ಹಿರಿಯರಿಗೆ ಮೊದಲು ಫೋನ್ ಮಾಡು ಅಂದೆ. "ಅವರ ನಂಬರ್ ಜಾಗದಲ್ಲೂ ನಿಮ್ಮದೇ ಬರ್ತಿದೆ ಸರ್" ಅಂದಳು.