ಎಲ್ಲಾರಿಗೂ ಸೀಡ್ ಕೊಡ್ರಿ, ಚೀಟಿ ಯಾಕ ಬೇಕು?

ಕಲಬುರಗಿ ಬಿಸಿಲಾಗ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟ್ ಇಟ್ಟವರಿಗೆ ಬಿಸಿಲಿನ ಚಿಂತಿ ಇರ್ತದ ಅಂದ್ಕೊಂಡ್ರೇನು? ಇಲ್ರಿ, ನಮ್ಮ ಓಣಿ ಕಮಿಟಿಗೆ ಇರೋದು ಸೀಡಿನ ಚಿಂತಿ. ಸೀಡ್ ಅಂದ್ರ ಜೋರಿರೋ ಟೀಮು ಶುರುವಿಗೇ ಒಂದಕ್ಕೊಂದು ಸಿಗದಂಗ ಪಟ್ಟಿಯಾಗ ಮೊದಲೇ ಬ್ಯಾರೆ ಬ್ಯಾರೆ ಕಡೆ ಕೂಡಸೋದು. 16 ಟೀಮ್, ನಾಕೌಟ್, ಸೋತವ ಸೀದಾ ಮನಿಗೆ. ಹೋದ ವರ್ಷ ತನಕ ನಾಲ್ಕೇ ಟೀಮಿಗೆ ಸೀಡ್, ಉಳಿದ 12 ಹೆಸರು ಚೀಟಿ ಬರದು ಸ್ಟೀಲ್ ಡಬ್ಬ್ಯಾಗ ಹಾಕಿ ಸಣ್ಣ ಹುಡುಗನ ಕೈಲೆ ತಗಸ್ತಿದ್ರು. ಆ 12ರಾಗ ಎಂಟು ಟೀಮ್ ತಮ್ಮ ತಮ್ಮಾಗೇ ಆಡ್ತಿದ್ವು, ಅಂದ್ರ ಸೀಡ್ ಇಲ್ಲದ ನಾಲ್ಕು ಟೀಮ್ ಕ್ವಾರ್ಟರ್ ಫೈನಲ್ ಮುಟ್ಟೋದು ಗ್ಯಾರಂಟಿ ಇತ್ತು.

ಈ ಸಲ ಸೀಡ್ 8 ಮಾಡ್ಯಾರ. ಪೆಂಡಾಲ್ ಕೊಟ್ಟವರಿಗೊಂದು, ಟ್ರೋಫಿ ಕೊಟ್ಟ ಸಾಹುಕಾರರಿಗೊಂದು, ಮಾಜಿ ಕಾರ್ಪೊರೇಟರ್ ಅಳಿಯನ ಟೀಮಿಗೊಂದು (ಅಳಿಯ ಬ್ಯಾಟ್ ಹಿಡಿದಿದ್ದು ಫ್ಲೆಕ್ಸಿನಾಗ ಮಾತ್ರ ನೋಡೀವಿ), ಮೈಕ್‌ಸೆಟ್‌ನವರು ಮುಖ ಸಣ್ಣ ಮಾಡಿದ್ರು ಅಂತ ಅವರಿಗೂ ಒಂದು. ಉಳಿದ ಎಂಟೂ ಟೀಮಿಗೆ ಮೊದಲನೇ ಮ್ಯಾಚೇ ಸೀಡ್ ಟೀಮ್ ಜೊತಿ, ಗ್ಯಾರಂಟಿ ಅನ್ನೋದು ಹೋತು. ಕೇಳಿದ್ರ ಅಧ್ಯಕ್ಷರು, "ವಿಂಬಲ್ಡನ್‌ನಾಗೂ ಹಿಂಗೇ ಮಾಡ್ಯಾರ್ರಿ" ಅಂದ್ರು!

ಮಾಡ್ಯಾರ, ಖರೇ. 2001ರಾಗ 128 ಮಂದ್ಯಾಗ 16 ಇದ್ದ ಸೀಡ್ 32 ಆತು, ದೊಡ್ಡ ದೊಡ್ಡವ್ರು ಮೂರನೇ ರೌಂಡ್ ತನಕ ಒಬ್ಬರಿಗೊಬ್ಬರು ಸಿಗಬಾರದು ಅಂತ. ಆದ್ರ ಅದೇ ವರ್ಷ ಕಪ್ ಎತ್ತಿದಾತ ಯಾರು? ಗೊರಾನ್ ಇವಾನಿಸೆವಿಚ್, 125ನೇ ರ‍್ಯಾಂಕ್, ವೈಲ್ಡ್ ಕಾರ್ಡ್ (ರ‍್ಯಾಂಕ್ ಸಾಲದಿದ್ರೂ ಸಂಘಟಕರು ಕರದು ಕೊಡೋ ಜಾಗ), ಸೀಡೇ ಇಲ್ಲ, ಫೈನಲ್‌ನಾಗ ಮೂರನೇ ಸೀಡ್ ರಾಫ್ಟರ್‌ಗೆ ಸೋಲಿಸಿದ. ಆಮ್ಯಾಲ 2019ರಿಂದ ವಾಪಸ್ 16 ಮಾಡ್ತೀವಿ ಅಂತ ಗ್ರ್ಯಾಂಡ್ ಸ್ಲ್ಯಾಮ್‌ನವರು (ವಿಂಬಲ್ಡನ್‌ನಂಥ ನಾಲ್ಕು ದೊಡ್ಡ ಟೆನಿಸ್ ಟೂರ್ನಮೆಂಟ್ ನಡೆಸೋರು) 2017ರಾಗ ಹೇಳಿ, ಮರುವರ್ಷ ಸುಮ್ಮನ ಕೈಬಿಟ್ರು. ಕೊಟ್ಟ ಕುರ್ಚಿ ವಾಪಸ್ ಕೇಳೋ ಧೈರ್ಯ ಅಲ್ಲೂ ಇಲ್ಲ ಅಂದಂಗಾತು. ಆದ್ರೂ ಅಲ್ಲಿ ಸೀಡ್ ಕೊಡೋದು ಆಟ ನೋಡಿ ಮಾರಾಯ್ರೆ, ಪೆಂಡಾಲ್ ನೋಡಿ ಅಲ್ಲ.

ನಮ್ಮಲ್ಲಿ ಏನಾತು ಅಂದ್ರ, ಖರೇವಂದ್ರ ಆಡೋ ದಾಲ್ ಮಿಲ್ ಹುಡುಗರು ಸೀಡ್ ಇಲ್ಲದೇ ಬಂದು ಮೊದಲನೇ ಮ್ಯಾಚಿಗೇ ಅಳಿಯನ ಟೀಮಿಗೆ 31ಕ್ಕ ಆಲೌಟ್ ಮಾಡಿಬಿಟ್ರು, ಅಳಿಯ ಕೂಲಿಂಗ್ ಗ್ಲಾಸ್ ತಗಿಯೋದ್ರೊಳಗ ಬೌಲ್ಡ್. ರಾತ್ರಿನೇ ಕಮಿಟಿ ಮೀಟಿಂಗ್, ಮಿರ್ಚಿ ಭಜಿ, ಚಹಾ, ಗಂಭೀರ ಚರ್ಚೆ. ಸೀಡ್ ಕಡಿಮಿ ಬಿದ್ದಾವ ಅದಕ್ಕೇ ಹಿಂಗಾತು ಅಂತ ತೀರ್ಮಾನ. ಮುಂದಿನ ವರ್ಷ 16ಕ್ಕ 16 ಸೀಡ್, ಡಬ್ಬಿ ಚೀಟಿ ಬಂದ್, ಪೆಂಡಾಲ್ ಟ್ರೋಫಿ ಕೊಟ್ಟವರು ಡೈರೆಕ್ಟ್ ಸೆಮಿಫೈನಲ್. ಅಳಿಯ ಮಾತ್ರ ಇನ್ನೂ ಒಪ್ಪಿಲ್ಲಂತ, ಸೆಮಿಫೈನಲ್‌ನಾಗೂ ಬಾಲ್ ಹಾಕ್ತಾರಲ್ಲ ಅಂತ.