ನನ್ನ ಸ್ಪೀಡೇ ಸರಿಯಾದ ಸ್ಪೀಡು

ಕೆಲವರು ಇರುತ್ತಾರೆ. ಅಂಗಡಿಯವನು ಲೆಕ್ಕ ತಪ್ಪಿ ಚಿಲ್ಲರೆ ಜಾಸ್ತಿ ಕೊಟ್ಟರೆ ಅರ್ಧ ದಾರಿಯಿಂದ ತಿರುಗಿ ಹೋಗಿ ಕೊಟ್ಟು ಬರುತ್ತಾರೆ. ಕ್ಯೂ ತಪ್ಪಿಸಿ ಒಳಗೆ ತೂರುವವನನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಟ್ಯಾಕ್ಸ್ ಕಟ್ಟಲು ಕೊನೇ ದಿನದ ತನಕ ಕಾಯುವವರಲ್ಲ. ಇಂಥವರನ್ನೇ ಒಂದು ಒಳ್ಳೇ ಕಾರು ಕೊಟ್ಟು ಅಗಲವಾದ ಮೋಟಾರುವೇ ಮೇಲೆ ಬಿಟ್ಟು ನೋಡಿ. ಕೆಂಪು ಬಳೆಯೊಳಗೆ ದೊಡ್ಡದಾಗಿ 100 ಅಂತ ಬರೆದ ಬೋರ್ಡು ಪಕ್ಕದಲ್ಲೇ ಹಾದುಹೋಗುತ್ತದೆ. ಸ್ಪೀಡೋಮೀಟರಿನ ಮುಳ್ಳು ಆರಾಮಾಗಿ 115ರ ಮೇಲೆ ಕೂತಿರುತ್ತದೆ. ಅವರ ಮುಖದಲ್ಲಿ ಅಳುಕಿನ ಒಂದು ಗೆರೆಯೂ ಇರುವುದಿಲ್ಲ.

ಕಾನೂನು ಮುರೀತಾ ಇದ್ದೀರಲ್ಲ ಅಂದರೆ ಅವರಿಗೆ ನಿಜಕ್ಕೂ ಆಶ್ಚರ್ಯ. "ಅಯ್ಯೋ, ಇದೂ ಒಂದು ಸ್ಪೀಡಾ? ಎಲ್ಲರೂ ಹೀಗೇ ಹೋಗೋದು" ಅನ್ನುತ್ತಾರೆ. ಬೋರ್ಡಿನ ಮೇಲಿನ ಅಂಕಿಯನ್ನು ನಾವು ಕಾನೂನು ಅಂತ ಓದುವುದೇ ಇಲ್ಲ ಅನ್ನಿಸುತ್ತದೆ ನನಗೆ. ವ್ಯಾಪಾರಕ್ಕೆ ಕೂತವನು ಬಾಯಿಬಿಟ್ಟ ಮೊದಲ ರೇಟು ಅಂತ ಓದುತ್ತೇವೆ. ಅವನು ಹೇಳಿದ ರೇಟಿಗೇ ಕೊಂಡರೆ ಪೆದ್ದ ಅನ್ನಿಸಿಕೊಳ್ಳಬೇಕಾಗುತ್ತದೆ, ಅಲ್ವಾ? ನೂರು ಅಂದಿದ್ದಾನೆ, ನೂರ ಹತ್ತರ ತನಕ ಏನೂ ಅನ್ನಲ್ಲ, ನೂರ ಹದಿನೈದಕ್ಕೆ ಕಣ್ಣುಮುಚ್ಚಿಕೊಳ್ಳುತ್ತಾನೆ, ಅದರ ಮೇಲೆ ಹೋದರೆ ನೋಡೋಣ. ಈ ಲೆಕ್ಕ ಡ್ರೈವಿಂಗ್ ಸ್ಕೂಲಿನಲ್ಲಿ ಯಾರೂ ಕಲಿಸುವುದಿಲ್ಲ. ಆದರೂ ಎಲ್ಲರಿಗೂ ಬಾಯಿಪಾಠ.

ಮಜಾ ಏನೆಂದರೆ ಈ ಚೌಕಾಸಿಗೆ ಎದುರು ಪಾರ್ಟಿಯೂ ಒಪ್ಪಿಕೊಂಡಂತಿದೆ. ಬ್ರಿಟನ್ನಿನ ಪೊಲೀಸರ ಮಾರ್ಗಸೂಚಿಯ ಪ್ರಕಾರ ಮಿತಿಗಿಂತ ಶೇಕಡಾ 10, ಅದರ ಮೇಲೆ ಇನ್ನೂ 2 ಮೈಲಿ ದಾಟುವ ತನಕ ಸಾಮಾನ್ಯವಾಗಿ ಕೇಸು ಹಾಕುವುದಿಲ್ಲ. ಜರ್ಮನಿಯಲ್ಲಿ ಅಳೆದ ವೇಗದಿಂದ 3 ಕಿಲೋಮೀಟರ್ ಕಳೆದು, ನೂರರ ಮೇಲಿದ್ದರೆ ಶೇಕಡಾ 3 ಕಳೆದು, ಆಮೇಲೆ ದಂಡ ಹಾಕುತ್ತಾರೆ. ಅದು ಯಂತ್ರದ ತಪ್ಪಿಗೆ ಬಿಟ್ಟ ಜಾಗ. ನಾವು ಮಾತ್ರ ಅದನ್ನು ನಮಗೇ ಬಿಟ್ಟಿದ್ದು ಅಂದುಕೊಂಡಿದ್ದೇವೆ. ಇನ್ನು ಕಾರಿನೊಳಗಿನ ಮೀಟರು. ಅದು ಸುಳ್ಳು ಹೇಳುವುದಕ್ಕೆ ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲೇ ಪರವಾನಗಿ ಇದೆ. ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಜಾಸ್ತಿ ಬೇಕಾದರೆ ಶೇಕಡಾ 10ರ ಮೇಲೆ 4 ಕಿಲೋಮೀಟರ್ ತನಕ ತೋರಿಸಬಹುದು. ಅಂದರೆ ಕಾರು ನೂರರಲ್ಲಿ ಓಡುವಾಗ ಮುಳ್ಳು 114 ತೋರಿಸಿದರೂ ನಿಯಮ ಮುರಿದ ಹಾಗಲ್ಲ. ಈ ವಿಷಯ ಗೊತ್ತಾದ ದಿನ ಸಭ್ಯ ಚಾಲಕ ಏನು ಮಾಡುತ್ತಾನೆ? ಇಷ್ಟು ದಿನ ಹೆದರಿ ಬಿಟ್ಟಿದ್ದ ಆ ಹದಿನಾಲ್ಕನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾನೆ.

ಈ ಜಗಳ ಕಾರಿನಷ್ಟೇ ಹಳೆಯದು. ಬ್ರಿಟನ್ನಿನಲ್ಲಿ 1865ರ ಕಾನೂನು ಊರೊಳಗೆ ಗಂಟೆಗೆ 2 ಮೈಲಿ, ಊರಾಚೆ 4 ಮೈಲಿ ಅಂತ ವಿಧಿಸಿತ್ತು. ಸಾಲದ್ದಕ್ಕೆ ಬಂಡಿಯ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. 1896ರ ಜನವರಿಯಲ್ಲಿ ಕೆಂಟ್ ಪ್ರಾಂತ್ಯದ ಪ್ಯಾಡಕ್ ವುಡ್ ಎಂಬ ಊರಿನಲ್ಲಿ ವಾಲ್ಟರ್ ಅರ್ನಾಲ್ಡ್ ಎನ್ನುವವನು 2 ಮೈಲಿಯ ಜಾಗದಲ್ಲಿ 8 ಮೈಲಿ ವೇಗದಲ್ಲಿ ಹೋದ. ಪೊಲೀಸಿನವನು ಸೈಕಲ್ ತುಳಿದು ಅಟ್ಟಿಸಿಕೊಂಡು ಹೋಗಿ ಹಿಡಿದ. ಅತಿವೇಗಕ್ಕಾಗಿ ಒಂದು ಶಿಲ್ಲಿಂಗ್ ದಂಡ ಬಿತ್ತು. ಅದೇ ವರ್ಷ ಮಿತಿಯನ್ನು 14 ಮೈಲಿಗೆ ಏರಿಸಿದರು. ಇವತ್ತು ನೋಡಿದರೆ ನಗು ಬರುತ್ತದೆ. ಆದರೆ ಮಿತಿಗೆ ನಾಲ್ಕು ಪಟ್ಟು ಅನ್ನುವುದನ್ನು ಇವತ್ತಿನ ರಸ್ತೆಗೆ ಹಾಕಿ ನೋಡಿ, ವಾಲ್ಟರ್ ಸಾಮಾನ್ಯನಲ್ಲ.

ಅದೇ ದೇಶದಲ್ಲಿ 1959ರಲ್ಲಿ ಎಂ1 ಮೋಟಾರುವೇ ತೆರೆದಾಗ ಮಿತಿಯೇ ಇರಲಿಲ್ಲ. ಕಾರಿಗೆ ಶಕ್ತಿ ಇದ್ದಷ್ಟು, ಚಾಲಕನಿಗೆ ಧೈರ್ಯ ಇದ್ದಷ್ಟು. 1964ರಲ್ಲಿ ಎಸಿ ಕಾರ್ಸ್ ಕಂಪನಿಯವರು ರೇಸಿಗೆ ಸಿದ್ಧಮಾಡಿದ್ದ ಕಾರನ್ನು ಬೆಳಗಿನ ಜಾವ ಅದೇ ರಸ್ತೆಗೆ ತಂದು, ಸುಮಾರು 185 ಮೈಲಿ ವೇಗದಲ್ಲಿ ಓಡಿಸಿ ಪರೀಕ್ಷೆ ಮಾಡಿದರು. ಕಿಲೋಮೀಟರಿನಲ್ಲಿ ಹೇಳಿದರೆ ಮುನ್ನೂರರ ಹತ್ತಿರ. ಕಾನೂನಿನ ಪ್ರಕಾರ ತಪ್ಪೇನೂ ಇರಲಿಲ್ಲ. ಪತ್ರಿಕೆಗಳಲ್ಲಿ ದೊಡ್ಡ ಗುಲ್ಲಾಯಿತು. ಮರುವರ್ಷ ಮಿತಿ ಬಂದದ್ದು ಇದರಿಂದಲೇ ಅಂತ ಈಗಲೂ ಜನ ಹೇಳುವುದುಂಟು. ಅದಕ್ಕಿಂತ ದೊಡ್ಡ ಕಾರಣ ಮಂಜು. 1965ರ ಚಳಿಗಾಲದ ಹೊತ್ತಿಗೆ ಮಂಜಿನಲ್ಲಿ ಒಂದರ ಹಿಂದೆ ಒಂದು ಗುದ್ದಿಕೊಂಡ ಸರಣಿ ಅಪಘಾತಗಳು ನಡೆದಿದ್ದವು. ಡಿಸೆಂಬರಿನಲ್ಲಿ 70 ಮೈಲಿಯ ಮಿತಿ ಬಂತು, ನಾಲ್ಕೇ ತಿಂಗಳ ಪ್ರಯೋಗ ಅಂತ. 1967ರಲ್ಲಿ ಅದು ಕಾಯಂ ಆಯಿತು. ಕಾಯಂ ಮಾಡಿದ ಸಾರಿಗೆ ಸಚಿವೆ ಬಾರ್ಬರಾ ಕಾಸಲ್ ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಾರಿನವರಿಗೆ ಬೈಯಲು ಇದಕ್ಕಿಂತ ಇನ್ನೇನು ಬೇಕು? ಸ್ಟಿಯರಿಂಗ್ ಹಿಡಿಯದವರು ನಮಗೆ ಹೇಳಿಕೊಡುವುದಾ ಅಂತ ಶುರುಮಾಡಿದರು. ಆ 70 ಮಾತ್ರ ಇವತ್ತಿಗೂ ಕೂತಿದೆ.

ನಿಯಮ ಅಂದರೆ ಪ್ರಾಣ ಬಿಡುವ ಜನ ಅಂತ ಜರ್ಮನ್ನರಿಗೆ ಹೆಸರಿದೆ. ಅವರಲ್ಲೇ ದೊಡ್ಡ ಹೆದ್ದಾರಿಯಾದ ಆಟೋಬಾನ್‌ನ ಬಹುಪಾಲು ಉದ್ದಕ್ಕೆ ಕಡ್ಡಾಯ ಮಿತಿ ಇಲ್ಲ. 130 ಅಂತ ಒಂದು ಸಲಹೆ ಇದೆ, 1970ರ ದಶಕದಿಂದ. ಸಲಹೆ ಅಂದಮೇಲೆ ಗೊತ್ತಲ್ಲ, ಬೇಕಾದವರು ಕೇಳಬಹುದು. ಆದರೆ ಅದನ್ನು ಮೀರಿ ಓಡುವಾಗ ಯಾರೋ ಅಡ್ಡ ಬಂದು ಅಪಘಾತವಾದರೆ, ತಪ್ಪು ಅವರದೇ ಆದರೂ ನಷ್ಟದಲ್ಲಿ ಒಂದು ಪಾಲು ನಿಮ್ಮ ತಲೆಗೂ ಬರಬಹುದು. 1973ರ ತೈಲ ಬಿಕ್ಕಟ್ಟಿನಲ್ಲಿ ಕೆಲವು ತಿಂಗಳು ಅಲ್ಲಿಯೂ 100ರ ಮಿತಿ ಹಾಕಿದ್ದರು. ಅದರ ವಿರುದ್ಧ ಅಲ್ಲಿನ ದೊಡ್ಡ ಮೋಟಾರು ಕ್ಲಬ್ಬು ಎಡಿಎಸಿ 'ಸ್ವತಂತ್ರ ಪ್ರಜೆಗಳಿಗೆ ಸ್ವತಂತ್ರ ಓಟ' ಎಂಬ ಘೋಷಣೆ ಹಿಡಿದು ಎದ್ದಿತು. ವಾಕ್ ಸ್ವಾತಂತ್ರ್ಯ, ಮತದಾನದ ಹಕ್ಕುಗಳ ಸಾಲಿನಲ್ಲಿ ಆಕ್ಸಿಲರೇಟರೂ ಹೋಗಿ ನಿಂತುಬಿಟ್ಟಿತು.

ಅಮೆರಿಕದ ಮೊಂಟಾನಾ ರಾಜ್ಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತೈಲ ಬಿಕ್ಕಟ್ಟಿನ ಕಾಲದಿಂದ ದೇಶಕ್ಕೆಲ್ಲ ಇದ್ದ ಮಿತಿ 1995ರಲ್ಲಿ ರದ್ದಾದಾಗ, ಇವರು ಹಗಲಿನಲ್ಲಿ ಕಾರುಗಳಿಗೆ ಅಂಕಿಯನ್ನೇ ತೆಗೆದುಹಾಕಿದರು. ವಿವೇಕದಿಂದ, ವಿವೇಚನೆಯಿಂದ ಓಡಿಸಿ, ಅಷ್ಟು ಸಾಕು ಅಂದರು. ಕೇಳಲು ಎಷ್ಟು ಚೆನ್ನಾಗಿದೆ! ಅಂಕಿ ಬೇಡ, ಬುದ್ಧಿ ಇರಲಿ. ಆದರೆ ಯಾರ ಬುದ್ಧಿ? ಗಂಟೆಗೆ 85 ಮೈಲಿ ಹೋಗಿ ಸಿಕ್ಕಿಬಿದ್ದವನೊಬ್ಬ ಕೋರ್ಟಿಗೆ ಹೋದ. ಇದು ವಿವೇಕದ ವೇಗವೋ ಅಲ್ಲವೋ ಅಂತ ಓಡಿಸುವವನಿಗೆ ಮೊದಲೇ ಗೊತ್ತಾಗುವುದು ಹೇಗೆ ಅನ್ನುವುದು ಪ್ರಶ್ನೆ. 1998ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಈ ನಿಯಮ ತೀರಾ ಅಸ್ಪಷ್ಟ ಅಂತ ಹೊಡೆದುಹಾಕಿತು. ಮರುವರ್ಷ ಬೋರ್ಡುಗಳ ಮೇಲೆ ಅಂಕಿ ಮತ್ತೆ ಬಂತು. ಎಲ್ಲರಿಗೂ ಅವರವರ ವೇಗವೇ ವಿವೇಕ. ಅದಕ್ಕೇ ಅಂಕಿ ಬೇಕಾಯಿತು.

1981ರಲ್ಲಿ ಓಲಾ ಸ್ವೆನ್ಸನ್ ಎಂಬ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಒಂದು ಅಧ್ಯಯನ ಪ್ರಕಟಿಸಿದ. ಅದರಲ್ಲಿ ಅಮೆರಿಕದ ಗುಂಪಿನವರಲ್ಲಿ ನೂರಕ್ಕೆ 93 ಮಂದಿ, ಡ್ರೈವಿಂಗಿನಲ್ಲಿ ತಾವು ಗುಂಪಿನ ಮೇಲಿನ ಅರ್ಧದವರು ಅಂತ ಹೇಳಿಕೊಂಡಿದ್ದರು. ಉಳಿದ ಏಳು ಮಂದಿ ಸಿಕ್ಕರೆ ಅವರ ಕಾರಿನಲ್ಲಿ ಕಣ್ಣುಮುಚ್ಚಿ ಹತ್ತುತ್ತೇನೆ.

ಈಗ ಲೇನಿಗೆ ಬನ್ನಿ. ನೀವು ಮಿತಿಗಿಂತ ಒಂದಿಷ್ಟೇ ಮೇಲೆ, ನಿಮ್ಮ ಪಾಡಿಗೆ ನೀವು ಓವರ್‌ಟೇಕ್ ಮಾಡುತ್ತಾ ಇರುತ್ತೀರಿ. ಕನ್ನಡಿಯಲ್ಲಿ ದೂರದಲ್ಲಿ ಒಂದು ಚುಕ್ಕೆ. ಕಣ್ಣು ಮಿಟುಕಿಸಿ ಮತ್ತೆ ನೋಡುವುದರೊಳಗೆ ಅದು ಹೆಡ್‌ಲೈಟು. ಇನ್ನೊಂದು ಕ್ಷಣಕ್ಕೆ ಕನ್ನಡಿಯ ತುಂಬ ಬರೀ ಬಾನೆಟ್ಟು, ಅದರ ನಂಬರ್ ಪ್ಲೇಟು ಕೂಡ ಕಾಣದಷ್ಟು ಹತ್ತಿರ. ಪಟಪಟ ಅಂತ ಲೈಟು ಹೊಡೆಯುತ್ತಾನೆ. ನಿಮ್ಮ ಬಾಯಲ್ಲಿ ಬರುವುದು ಒಂದೇ ಮಾತು, "ಎಲ್ಲಿಗೆ ಸಾಯಕ್ಕೆ ಹೋಗ್ತಾನೋ." ಎಡಕ್ಕೋ ಬಲಕ್ಕೋ ಸರಿದು ದಾರಿ ಕೊಡುತ್ತೀರಿ. ಐದು ನಿಮಿಷ ಬಿಟ್ಟು ನಿಮ್ಮ ಮುಂದೆ ಒಬ್ಬರು ಸರಿಯಾಗಿ 100ರಲ್ಲಿ, ಒಂದು ಕೂದಲೆಳೆ ಆಚೆ ಈಚೆ ಇಲ್ಲದೆ ಹೋಗುತ್ತಿರುತ್ತಾರೆ. ಆಗ ಬರುವ ಮಾತು ಬೇರೆ, "ಮನೇಲಿ ಇರಬಾರದಾ ಇಂಥವರು." ಎತ್ತು ಏರಿಗೆ, ಕೋಣ ನೀರಿಗೆ. ಎರಡರ ನಡುವೆ ಸರಿಯಾಗಿ ಹೋಗುತ್ತಿರುವ ಏಕೈಕ ಪ್ರಾಣಿ ನಾವು.

ಇಷ್ಟೆಲ್ಲ ಗಡಿಬಿಡಿ ಮಾಡಿ ಉಳಿಸುವುದೆಷ್ಟು? ಲೆಕ್ಕ ಸುಲಭ. ನೂರು ಕಿಲೋಮೀಟರ್ ದಾರಿಗೆ 100ರಲ್ಲಿ ಒಂದು ಗಂಟೆ. 120ರಲ್ಲಿ 50 ನಿಮಿಷ, ಅಂದರೆ ಹತ್ತು ನಿಮಿಷ ಲಾಭ. 140ಕ್ಕೆ ಏರಿಸಿದರೆ ಇನ್ನು ಏಳು ನಿಮಿಷ. 160ಕ್ಕೆ ಹೋದರೆ ಮತ್ತೆ ಐದೇ ನಿಮಿಷ. ಪ್ರತಿ ಸಲವೂ ಅದೇ ಇಪ್ಪತ್ತನ್ನು ಸೇರಿಸುತ್ತೇವೆ, ಸಿಗುವುದು ಕಡಿಮೆಯಾಗುತ್ತಾ ಹೋಗುತ್ತದೆ. ಖರ್ಚು ಮಾತ್ರ ಉಲ್ಟಾ. ಗಾಳಿಯ ತಡೆ ವೇಗದ ವರ್ಗದಷ್ಟು, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದಷ್ಟು ಏರುತ್ತದೆ, ಪೆಟ್ರೋಲು ಅದಕ್ಕೆ ತಕ್ಕ ಹಾಗೆ ಖಾಲಿ. ಗುದ್ದುವ ಶಕ್ತಿಯೂ ವರ್ಗದಷ್ಟೇ. ನೂರರಿಂದ ನೂರ ನಲವತ್ತಕ್ಕೆ ಹೋದರೆ ಅದು ಹೆಚ್ಚುಕಡಿಮೆ ಎರಡು ಪಟ್ಟು. ಸ್ವೀಡನ್ನಿನ ರಸ್ತೆ ಸುರಕ್ಷತೆಯ ಸಂಶೋಧಕ ಯೋರಾನ್ ನಿಲ್ಸನ್ ಕೊಟ್ಟ ಸೂತ್ರ ಇನ್ನೂ ಕಹಿ. ರಸ್ತೆಯ ಸರಾಸರಿ ವೇಗ ಶೇಕಡಾ 1ರಷ್ಟು ಏರಿದರೆ, ಸಾವು ತರುವ ಅಪಘಾತಗಳು ಸುಮಾರು ಶೇಕಡಾ 4ರಷ್ಟು ಏರುತ್ತವೆ.

ಉಳಿಸಿದ ಆ ಹತ್ತು ನಿಮಿಷ ಎಲ್ಲಿ ಹೋಗುತ್ತದೆ ಅಂತಲೂ ನೋಡಬೇಕು. ದಾರಿಯಲ್ಲಿ ಕಾಫಿಗೆ ನಿಲ್ಲಿಸಿದಾಗ ಟಾಯ್ಲೆಟ್ಟಿನ ಕ್ಯೂನಲ್ಲಿ ಹೋಗುತ್ತದೆ. ಊರು ಮುಟ್ಟಿದ ಮೇಲೆ ಪಾರ್ಕಿಂಗ್ ಹುಡುಕುವುದರಲ್ಲಿ ಹೋಗುತ್ತದೆ. ಲೈಟು ಹೊಡೆದು ಹಾರಿಹೋದ ಮಹಾರಾಯ ಅಲ್ಲೇ ನಿಮಗಿಂತ ಎರಡು ಕಾರು ಮುಂದೆ ಸಿಗ್ನಲ್ಲಿನಲ್ಲಿ ನಿಂತಿರುತ್ತಾನೆ. ನಮಗೆ ಬೇಕಾಗಿದ್ದುದು ಟೈಮೇ ಅಲ್ಲವೇನೋ ಅಂತ ನನಗೆ ಅನುಮಾನ. ಫೋನಿನ ಮ್ಯಾಪು 'ತಲುಪುವ ಸಮಯ 4:42' ಅಂತ ತೋರಿಸಿದರೆ ಸಾಕು, ಅದನ್ನು 4:35 ಮಾಡಿಯೇ ತೀರಬೇಕು ಅನ್ನಿಸುತ್ತದೆ. 4:35ಕ್ಕೆ ಅಲ್ಲಿ ಏನೂ ಕೆಲಸ ಇರುವುದಿಲ್ಲ. ಸುಮ್ನೆ, ಫೋನನ್ನು ಸೋಲಿಸಬೇಕು.

ಕಾರುಗಳೂ ನಮ್ಮನ್ನು ಹಾಳುಮಾಡಿವೆ ಅನ್ನಿ. ಹಳೇ ಕಾರು 90 ದಾಟಿದರೆ ಬಾಗಿಲು, ಕಿಟಕಿ, ಡ್ಯಾಶ್‌ಬೋರ್ಡು ಎಲ್ಲ ಸೇರಿ ಗಡಗಡ ಅಂತ ಎಚ್ಚರಿಸುತ್ತಿದ್ದವು. ಸ್ಟಿಯರಿಂಗು ಕೈಯಲ್ಲೇ ನಡುಗುತ್ತಿತ್ತು. ಈಗಿನ ಕಾರಿನಲ್ಲಿ 130ಕ್ಕೆ ಮಗು ನಿದ್ದೆ ಮಾಡುತ್ತದೆ. ಒಂದು ಗಂಟೆ ಹೀಗೆ ಓಡಿಸಿ ಪಕ್ಕದ ರಸ್ತೆಗೆ ಇಳಿದಾಗ 60 ಅಂದರೆ ಕಾರು ಕೆಟ್ಟು ನಿಂತಿದೆಯೇನೋ ಅನ್ನಿಸುತ್ತದೆ. ಬಾಗಿಲು ತೆಗೆದು ಇಳಿದು ನಡೆಯಬಹುದು ಅನ್ನುವ ಹಾಗೆ. ಕಣ್ಣು ವೇಗಕ್ಕೆ ಅಷ್ಟು ಬೇಗ ಒಗ್ಗಿಕೊಳ್ಳುತ್ತದೆ. 120ರಲ್ಲಿ ಹೋಗುವಾಗ ಒಂದು ಸೆಕೆಂಡಿಗೆ 33 ಮೀಟರ್ ದಾಟಿರುತ್ತೇವೆ. ಮುಂದಿನವನ ಬ್ರೇಕ್ ಲೈಟು ಕಂಡು ನಮ್ಮ ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ. ಇದು ಗೊತ್ತಿರುವುದು ಪಕ್ಕದ ಸೀಟಿನವರಿಗೆ ಮಾತ್ರ. ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಕಾರ್ಪೆಟ್ಟು ಸವೆದಿರುತ್ತದೆ.

ಇನ್ನು ಕ್ಯಾಮೆರಾ. ಕ್ಯಾಮೆರಾದ ಬೋರ್ಡು ಕಂಡ ಕೂಡಲೇ ರಸ್ತೆಯುದ್ದಕ್ಕೂ ಕೆಂಪು ದೀಪಗಳು ಸಾಲಾಗಿ ಹೊತ್ತಿಕೊಳ್ಳುತ್ತವೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರಲ್ಲ, ಸರಿಯಾಗಿ 98ರಲ್ಲಿ ಹೋಗುತ್ತಿದ್ದವರೂ ಬ್ರೇಕ್ ತುಳಿಯುತ್ತಾರೆ. ಇನ್ನೂರು ಮೀಟರು ಎಲ್ಲರೂ ಸಾಧುಗಳು. ದಾಟಿದ ಕೂಡಲೇ ಎಂಜಿನ್ನುಗಳ ಸದ್ದು ಒಟ್ಟಿಗೇ ಏರುತ್ತದೆ. ಈ ಕ್ಯಾಮೆರಾದ ಜಾತಕ ಬೇರೆ ಸೊಗಸು. ಇದರ ಹಿಂದಿನ ಮನುಷ್ಯ ಮಾರಿಸ್ ಗ್ಯಾಟ್ಸೊನೀಡ್ಸ್ ಎಂಬ ಡಚ್ ರ‍್ಯಾಲಿ ಚಾಲಕ. ತಿರುವಿನಲ್ಲಿ ತನ್ನ ವೇಗ ಅಳೆದು, ಇನ್ನೂ ಜೋರಾಗಿ ಓಡಿಸುವುದು ಹೇಗೆ ಅಂತ ತಿಳಿಯಲು ಆತ ಮಾಡಿಕೊಂಡ ಯಂತ್ರ ಅದು. ಮುಂದೆ ಪೊಲೀಸರ ಕೈಗೆ ಹೋಯಿತು. ಅವನೂ ಅದಕ್ಕೆ ಸಿಕ್ಕಿಬಿದ್ದಿದ್ದನಂತೆ.

ಇವತ್ತು ಎರಡು ಕ್ಯಾಮೆರಾಗಳ ನಡುವಿನ ದೂರಕ್ಕೆ ಎಷ್ಟು ಹೊತ್ತಾಯಿತು ಅಂತ ನೋಡಿ ಸರಾಸರಿ ವೇಗ ಹಿಡಿಯುವ ವ್ಯವಸ್ಥೆ ಬಂದಿದೆ. ಅಲ್ಲಿ ಬ್ರೇಕಿನ ನಾಟಕ ನಡೆಯುವುದಿಲ್ಲ. ಕೊನೆಯಲ್ಲಿ ನಿಧಾನ ಮಾಡಿ ಸರಿದೂಗಿಸೋಣ ಅಂದರೆ, ಜೋರಾಗಿ ಬಂದು ಉಳಿಸಿದ್ದ ಟೈಮನ್ನೆಲ್ಲ ರಸ್ತೆ ಬದಿಯಲ್ಲೇ ವಾಪಸ್ ಕೊಡಬೇಕು. ನನ್ನ ಕೇಳಿದರೆ ನ್ಯಾಯವಾದ ಕ್ಯಾಮೆರಾ ಅಂದರೆ ಇದೇ. ಇಂಥ ರಸ್ತೆಯಲ್ಲಿ ಎಲ್ಲರೂ ಸಮನಾಗಿ, ಒಂದೇ ಹದದಲ್ಲಿ ಹೋಗುತ್ತಾರೆ. ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ, ಲೈಟು ಹೊಡೆಯುವವರಿಲ್ಲ. ಎಷ್ಟು ಹಾಯಾಗಿರುತ್ತದೆ ಅಂದರೆ, ಎಲ್ಲರೂ ಅದನ್ನೇ ಬೈಯುತ್ತಾರೆ.

ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈನಿಂದ ಹೊಸದಾಗಿ ಮಾರುವ ಪ್ರತಿ ಕಾರಿಗೂ ಇನ್ನೊಂದು ಕಡ್ಡಾಯ ಬಂದಿದೆ. ಬೋರ್ಡಿನ ಮೇಲಿನ ಮಿತಿಯನ್ನು ಕಾರೇ ಓದಿಕೊಂಡು, ದಾಟಿದರೆ ಕೀಂ ಕೀಂ ಅಂತ ಎಚ್ಚರಿಸಬೇಕು, ಇಲ್ಲವೇ ಬೇರೆ ರೀತಿಯಲ್ಲಿ ತಡೆದು ತಿಳಿಸಬೇಕು. ಇದಕ್ಕೆ ಚೌಕಾಸಿ ಗೊತ್ತಿಲ್ಲ. 'ನೂರ ಹದಿನೈದರ ತನಕ ಪರವಾಗಿಲ್ಲ' ಅನ್ನುವ ಲೋಕಜ್ಞಾನ ಯಂತ್ರಕ್ಕೆ ಎಲ್ಲಿಂದ ಬರಬೇಕು? ಚಾಲಕರು ಬೇಡ ಅಂದರೆ ಅದನ್ನು ಆಫ್ ಮಾಡಬಹುದು, ಆದರೆ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿದಾಗ ಅದೂ ಮತ್ತೆ ಆನ್ ಆಗಬೇಕು ಅಂತ ನಿಯಮವಿದೆ. ಹಾಗಾಗಿ ಈಗ ಸೀಟ್ ಬೆಲ್ಟು ಹಾಕುವುದು, ಕನ್ನಡಿ ಸರಿಮಾಡುವುದು, ಅದರ ಬಾಯಿ ಮುಚ್ಚಿಸುವುದು ಎಲ್ಲ ಒಂದೇ ಪಟ್ಟಿಗೆ ಸೇರಿವೆ. ಕೆಲವು ಕಾರುಗಳಲ್ಲಿ ಸ್ಟಿಯರಿಂಗ್ ಮೇಲಿನ ಗುಂಡಿಯೊಂದನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಸಾಕು. ಆ ಗುಂಡಿ ಎಲ್ಲಿದೆ ಅನ್ನುವುದು ಕಾರು ಕೊಂಡವರಿಗೆ ಮೊದಲ ದಿನವೇ ಗೊತ್ತಾಗಿರುತ್ತದೆ. ಟೈರಿಗೆ ಗಾಳಿ ಎಷ್ಟು ಹಾಕಬೇಕು ಅಂತ ಕೇಳಿ ನೋಡಿ, ಪುಸ್ತಕ ತೆಗೆಯುತ್ತಾರೆ.